ಪೀಕಿಂಗ್ ಆಪೆರಾ ನೋಡಿ ತಲೆ ಸಿಡೀತಿದೆ, ಆ ಜಾಗಟೆ ಯಾಕ್ ಹಂಗ್ ಬಡೀತಾರೆ?

ಬೀಜಿಂಗ್_ಬಸವ

ಎಲ್ರಿಗೂ ನಮಸ್ಕಾರ. ಕೆಲ್ಸದ ಮೇಲೆ ಬೀಜಿಂಗ್‌ಗೆ ಬಂದು ಮೂರು ತಿಂಗ್ಳಾಯ್ತು. ಶನಿವಾರ ಟೀಮ್‌ನವ್ರೆಲ್ಲ ಸೇರ್ಕೊಂಡು ಚಾಂಗ್‌ಆನ್ ಥಿಯೇಟರ್‌ಗೆ ಆಪೆರಾ ನೋಡೋಕೆ ಕರ್ಕೊಂಡ್ ಹೋದ್ರು. ಡ್ರೆಸ್ಸು, ಮುಖದ ಬಣ್ಣ ಎಲ್ಲಾ ಸೂಪರ್, ಲಾಗ ಹಾಕೋದ್ ನೋಡ್ತಾ ಬಾಯ್ ಬಿಟ್ಕೊಂಡ್ ಕೂತಿದ್ದೆ, ಆದ್ರೆ ಆ ಸದ್ದು ಗುರೂ... ಪಾತ್ರೆ ಅಂಗಡಿ ಶೆಲ್ಫು ಮಗುಚಿ ಬಿದ್ದಂಗೆ ಢಣ್ ಢಣ್ ಢಣಾರ್ ಅಂತ ಎರಡು ಗಂಟೆ. ಸುಮ್ನೆ ನಡ್ಕೊಂಡ್ ಬಂದ್ರೂ ಢಣ್, ತಿರುಗಿ ನೋಡಿದ್ರೂ ಢಣ್, ಗಡ್ಡ ಸವರ್ಕೊಂಡ್ರೂ ಢಣ್. ರೂಮಿಗ್ ಬಂದು ಮಾತ್ರೆ ನುಂಗಿ ಮಲಗ್ದೆ.

ಒಂದೇ ಒಂದು ವಿಷ್ಯ ತಲೇಲಿ ಕೂತ್ಬಿಟ್ಟಿದೆ. ಪಕ್ಕದ ಸೀಟಲ್ಲಿ ಒಬ್ರು ಅಜ್ಜ, ಎಂಬತ್ತರ ಹತ್ರ ಇರ್ಬೋದು, ಕಣ್ ಮುಚ್ಕೊಂಡು ತೊಡೆ ಮೇಲೆ ಬೆರಳಾಡಿಸ್ತಾ ಬಾಯಲ್ಲಿ ತ್ಸಾಂಗ್ ಚೀ ಥಾಯ್ ಚೀ, ತ್ಸಾಂಗ್ ಚೀ ಥಾಯ್ ಚೀ ಅಂತ ಗೊಣಗ್ತಾ ಇದ್ರು. ಸ್ಟೇಜ್ ಕಡೆ ನೋಡ್ತಾನೇ ಇಲ್ಲ. ದುಡ್ ಕೊಟ್ಟು ಬಂದು ಕಣ್ ಮುಚ್ಕೊಂಡು ಈ ಗಲಾಟೆ ಕೇಳ್ತಾರೆ ಅಂದ್ರೆ ಅದ್ರಲ್ಲಿ ಏನೋ ಇರ್ಬೇಕಲ್ವಾ? ಗೊತ್ತಿರೋರು ಸ್ವಲ್ಪ ಹೇಳಿ.

ಚಂಡೆಮನೆ

ಹಹ್ಹಾ ಬಸವಣ್ಣ, ಯಕ್ಷಗಾನ ಮೊದಲ ಸಲ ನೋಡ್ಲಿಕ್ಕೆ ಬಂದ ಬೆಂಗ್ಳೂರಿನವ್ರು ನಮ್ಮ ಚಂಡೆಗೂ ಇದೇ ಮಾತು ಹೇಳುದು ಮಾರಾಯ್ರೆ. ಒಬ್ರು ಹತ್ತಿ ಕೇಳಿದ್ರು ಕಿವಿಗಿಡ್ಲಿಕ್ಕೆ. ನಾನು ಆಪೆರಾ ಬರೀ ಯೂಟ್ಯೂಬಲ್ಲಿ ನೋಡಿದ್ದು, ನಮ್ಮ ಹಿಮ್ಮೇಳದ ಹಾಗೇ ಕಾಣ್ತದೆ. ಅಜ್ಜ ಹೇಳಿದ್ದು ಬಾಯಿತಾಳ, ಅಂದ್ರೆ ವಾದ್ಯದ ಪೆಟ್ಟನ್ನ ಬಾಯಲ್ಲಿ ಹೇಳುದು, ಅದ್ರಲ್ಲಿ ಸಂಶಯವೇ ಇಲ್ಲ.

ಮಂದಾರ_ಎಂ

ಬಾಯಿತಾಳವೇ. ನಾನು ಬೀಜಿಂಗಲ್ಲಿ ನಾಲ್ಕು ವರ್ಷ ಚೈನೀಸ್ ಓದ್ತಿದ್ದೆ, ಹಾಸ್ಟೆಲ್ ಹತ್ರ ಪಾರ್ಕಲ್ಲಿ ರಿಟೈರ್ ಆದವ್ರೆಲ್ಲ ಬೆಳಿಗ್ಗೆ ಸೇರಿ ಆಪೆರಾ ಹಾಡೋರು, ನಾನು ಮೊದ್ಲು ಭಾಷೆ ಕಲಿಯೋಕೆ ಅಂತ ಹೋಗಿ ಆಮೇಲೆ ಚಟ ಹತ್ತಿಸ್ಕೊಂಡೆ. ಅಲ್ಲಿ ಕಲ್ತಿದ್ದನ್ನ ಹೇಳ್ತೀನಿ, ಉದ್ದ ಆಗುತ್ತೆ, ಬೈಕೋಬೇಡಿ.

ಮೊದ್ಲು ಆ ಅಜ್ಜನ ವಿಷ್ಯ. ಹಳೇ ಬೀಜಿಂಗಿನವ್ರು ಆಪೆರಾ ನೋಡೋಕೆ ಹೋಗ್ತೀನಿ ಅಂತಿರ್ಲಿಲ್ಲ, ಥಿಂಗ್ ಶೀ ಅಂತಿದ್ರು, ಅಂದ್ರೆ ಆಟ ಕೇಳೋಕೆ ಹೋಗ್ತೀನಿ ಅಂತ. ಕಣ್ ಮುಚ್ಕೊಂಡು ಕೂರೋದು ಅಲ್ಲಿ ದೊಡ್ಡ ರಸಿಕರ ಲಕ್ಷಣ.

ವಾದ್ಯಗಾರರಲ್ಲಿ ಎರಡು ಪಂಗಡ. ತಂತಿ ಮತ್ತು ಊದೋ ವಾದ್ಯದವ್ರು ವೆನ್‌ಛಾಂಗ್, ಬಡಿಯೋರು ವೂಛಾಂಗ್. ವೆನ್ ಅಂದ್ರೆ ಓದು ಬರಹ ನಯ ನಾಜೂಕು, ವೂ ಅಂದ್ರೆ ಯುದ್ಧ. ನೀವು ಕೇಳಿದ ಅಷ್ಟೂ ಗಲಾಟೆ ಮಾಡಿದ್ದು ಬರೀ ನಾಲ್ಕು ಜನ, ನಂಬ್ತೀರಾ? ಒಬ್ರು ದೊಡ್ಡ ಜಾಗಟೆ (ದಾಲುವೊ), ಒಬ್ರು ಸಣ್ಣ ಜಾಗಟೆ (ಶಿಯಾವ್‌ಲುವೊ), ಒಬ್ರು ತಾಳ (ನಾವ್‌ಬೋ), ಇವ್ರ ಮೇಲೆ ಒಬ್ರು ಯಜಮಾನ್ರು, ಅವ್ರ ಮುಂದೆ ಬಾನ್‌ಗು ಅನ್ನೋ ಡ್ರಮ್ಮು.

ಈ ಬಾನ್‌ಗು ನೋಡಿದ್ರೆ ನಗು ಬರುತ್ತೆ, ಮೇಲಿಂದ ನೋಡಿದ್ರೆ ಒಂದು ಊಟದ ತಟ್ಟೆಯಷ್ಟು ಅಗಲ ಇರುತ್ತೆ, ಆದ್ರೆ ಒಳಗಡೆ ಪೂರ್ತಿ ದಪ್ಪ ಮರ, ನಡುವೆ ಎರಡೋ ಮೂರೋ ಬೆರಳಗಲ ಒಂದೇ ತೂತು. ಚರ್ಮವನ್ನ ಇಡೀ ಮರದ ಮೇಲೆ ಬಿಗಿದು ಮೊಳೆ ಹೊಡೆದಿರ್ತಾರೆ, ಸದ್ದು ಹುಟ್ಟೋದು ಆ ಪುಟ್ಟ ತೂತಿನ ಮೇಲೆ ಮಾತ್ರ, ಅದಕ್ಕೆ ಡ್ರಮ್ಮಿನ ಹೃದಯ ಅಂತಾನೇ ಹೆಸ್ರು. ಹೊಡಿಯೋದು ಸಣ್ಣ ಬಿದಿರು ಕಡ್ಡಿಗಳಲ್ಲಿ. ಢಂ ಅನ್ನಲ್ಲ, ಒಣ ಕಡ್ಡಿ ಮುರಿದಂಗೆ ಟಕ್ ಅನ್ನುತ್ತೆ. ಹೃದಯದ ನಡುವೆ ಹೊಡೆದ್ರೆ ಒಂದು ಸದ್ದು, ಅಂಚಿಗೆ ಬಂದ್ರೆ ಇನ್ನೊಂದು. ಎಷ್ಟೇ ಗಲಾಟೆ ಇದ್ರೂ ಅದನ್ನ ಸೀಳ್ಕೊಂಡು ಕೇಳಿಸುತ್ತೆ, ಯಾಕಂದ್ರೆ ಉಳಿದವ್ರೆಲ್ಲ ಅದನ್ನೇ ಕೇಳ್ಕೊಂಡು ಬಾರಿಸ್ಬೇಕು.

ಅವ್ರದ್ದೇ ಎಡಗೈಲಿ ಬಾನ್ ಅಂತ ಮರದ ಚಿಟಿಕೆ. ಗಟ್ಟಿ ಮರದ ಮೂರು ಪಟ್ಟಿ, ಎರಡನ್ನ ಒಟ್ಟಿಗೆ ಕಟ್ಟಿರ್ತಾರೆ, ಮೂರನೇದು ದಾರದಲ್ಲಿ ಸಡಿಲವಾಗಿ ತೂಗುತ್ತೆ. ಹಾಡು ನಡೀವಾಗ ಎಡಗೈಲಿ ಚಿಟಿಕೆ ಬಲಗೈಲಿ ಒಂದು ಕಡ್ಡಿ, ಯುದ್ಧ ಶುರು ಆದ್ರೆ ಚಿಟಿಕೆ ಕೆಳಗಿಟ್ಟು ಎರಡೂ ಕೈಲಿ ಡ್ರಮ್ಮು. ಕೋಲು ಹಿಡಿದ ಕಂಡಕ್ಟರ್ ಬೇರೆ ಇಲ್ಲ, ಇವ್ರೇ. ಸೀಗು ಅಂತಾರೆ. ಎಲ್ಲಾ ಪ್ರಸಂಗದ ಎಲ್ಲಾ ನಡೆ ಬಾಯಿಪಾಠ ಇರ್ಬೇಕು.

ಬೀಜಿಂಗ್_ಬಸವ

ಮೇಡಂ ಸೂಪರ್. ಆದ್ರೆ ಜಾಗಟೆ ಎರಡ್ಯಾಕೆ? ಒಂದೇ ಸಾಕಾಗಿತ್ತು ನನ್ ತಲೆಗೆ.

ಮಂದಾರ_ಎಂ

ಎರಡೂ ಬೇರೆ ಬೇರೆ ಮನುಷ್ಯರ ಪರಿಚಯ ಮಾಡ್ಸುತ್ತೆ ಬಸವ ಅವ್ರೇ. ಇದೊಂದು ಗೊತ್ತಾದ್ರೆ ಅರ್ಧ ತಲೆನೋವು ಹೋಗುತ್ತೆ.

ದೊಡ್ಡ ಜಾಗಟೆ ಹೊಡೆದಾಗ ಸ್ವರ ಹೊಡೆದ ಮೇಲೆ ಕೆಳಗೆ ಜಾರುತ್ತೆ, ತ್ಸಾಆಂಗ್ ಅಂತ ಇಳಿಯುತ್ತೆ. ಸಣ್ಣದು ಅದಕ್ಕೆ ಉಲ್ಟಾ, ಹೊಡೆದ ಮೇಲೆ ಸ್ವರ ಮೇಲಕ್ಕೆ ಏರುತ್ತೆ, ಥಾಯ್ ಅಂತ ಪ್ರಶ್ನೆ ಕೇಳ್ದಂಗೆ. ಸೇನಾಪತಿ, ರಾಜ, ಬಣ್ಣದ ಮುಖದ ದೊಡ್ಡ ಪಾತ್ರಗಳು ಬರೋವಾಗ ದೊಡ್ಡದು. ಹೆಂಗಸರು, ಪಂಡಿತರು, ಮನೆ ಒಳಗಿನ ಸಮಾಚಾರ, ಹಾಸ್ಯಗಾರ, ಇದಕ್ಕೆಲ್ಲ ಸಣ್ಣದು. ಮುಂದಿನ ಸಲ ಪಾತ್ರ ಒಳಗೆ ಬರೋಕೆ ಮುಂಚೆ ಕಣ್ ಮುಚ್ಚಿ ಕೇಳಿ, ಬರ್ತಿರೋದು ಯಾರು ಅಂತ ಸುಮಾರಾಗಿ ಹೇಳ್ಬೋದು.

ಸಣ್ಣ ಜಾಗಟೆಗೆ ದಾರ ಇಲ್ಲ ಗೊತ್ತಾ, ಎಡಗೈ ಬೆರಳ ಗೆಣ್ಣಿನ ಮೇಲೆ ಅಂಚನ್ನ ನಿಲ್ಲಿಸ್ಕೊಂಡು ತೆಳ್ಳಗಿನ ಮರದ ಪಟ್ಟಿಯ ಅಂಚಿಂದ ಹೊಡೀತಾರೆ. ನನ್ ಕೈಗೆ ಒಂದ್ಸಲ ಕೊಟ್ಟಿದ್ರು, ಐದು ನಿಮಿಷಕ್ಕೆ ಬೆರಳು ಮರಗಟ್ಟಿತ್ತು, ಜಾಗಟೆ ಎರಡ್ಸಲ ನೆಲಕ್ಕೆ ಬಿತ್ತು, ಅಜ್ಜಿಯೊಬ್ರು ಅಯ್ಯೋ ಅಂತ ಕಿರುಚಿದ್ರು.

ಕಂಚು_ಕಬ್ಬಿಣ

ಒಂದೇ ಲೋಹ, ಒಂದರ ಸ್ವರ ಇಳಿಯುತ್ತೆ ಇನ್ನೊಂದರದ್ದು ಏರುತ್ತೆ ಅನ್ನೋದು ನಿಜಾನೇ, ಇದು ಮೆಕ್ಯಾನಿಕಲ್‌ನಲ್ಲಿ ವೈಬ್ರೇಷನ್ ಓದಿದವ್ರಿಗೆ ಹಬ್ಬ. ನಾನು ವಾದ್ಯ ಗೀದ್ಯ ಗೊತ್ತಿಲ್ದ ಮನುಷ್ಯ, ಇಷ್ಟು ಹೇಳ್ತೀನಿ.

ದೊಡ್ಡ ಜಾಗಟೆಯ ನಡುಭಾಗ ಸಪಾಟು, ಸುತ್ತ ಇಳಿಜಾರು. ಜೋರಾಗಿ ಹೊಡೆದಾಗ ಸಪಾಟು ಭಾಗ ಹಿಂದೆ ಮುಂದೆ ಬಾಗುತ್ತಲ್ಲ, ಬಾಗಿದಷ್ಟೂ ಲೋಹ ಎಳ್ಕೊಂಡು ಬಿಗಿ ಆಗುತ್ತೆ, ಬಿಗಿ ಆದ್ರೆ ಸ್ವರ ಮೇಲೆ. ಅಲುಗಾಟ ಕಮ್ಮಿ ಆಗ್ತಾ ಬಿಗಿ ಸಡಿಲ ಆಗಿ ಸ್ವರ ಕೆಳಗೆ ಬರುತ್ತೆ. ಸಣ್ಣದ್ರ ನಡು ಸಪಾಟಲ್ಲ, ಒಂಚೂರು ಉಬ್ಬು ಇರುತ್ತೆ. ಉಬ್ಬಿರೋ ಡಬ್ಬದ ಮುಚ್ಚಳ ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೊದ್ಲು ಗಟ್ಟಿ, ಆಮೇಲೆ ಸೋತು ಟೊಕ್ ಅಂತ ಒಳಗೆ ಹೋಗುತ್ತೆ. ಅದೇ ಕತೆ. ಜೋರಾಗಿ ಅಲುಗಾಡೋವಾಗ ಉಬ್ಬು ಮೆತ್ತಗಾಗಿ ಸ್ವರ ಕೆಳಗಿರುತ್ತೆ, ಅಲುಗಾಟ ಇಳಿದಂಗೆ ಉಬ್ಬು ತನ್ನ ಆಕಾರಕ್ಕೆ ಬಂದು ಸ್ವರ ಏರುತ್ತೆ. ಜಾಗಟೆ ಮಾಡೋನು ಸುತ್ತಿಗೆಯಲ್ಲಿ ಕೂದಲೆಳೆ ಉಬ್ಬು ಕೂರ್ಸೋದ್ರ ಮೇಲೆ ಎಲ್ಲಾ ನಿಂತಿದೆ.

ಲೋಹ ತಾಮ್ರ ಮತ್ತು ತವರ, ತವರ ಸುಮಾರು ಐದ್ರಲ್ಲಿ ಒಂದು ಪಾಲು. ಅಷ್ಟು ತವರ ಹಾಕಿದ ಕಂಚು ನಿಧಾನಕ್ಕೆ ಆರಿದ್ರೆ ಗಾಜಿನ ಥರ ಒಡೆಯುತ್ತೆ, ಅದಕ್ಕೆ ಕೆಂಪಗೆ ಕಾಯ್ಸಿ ನೀರಲ್ಲಿ ಅದ್ದಿ ಆಮೇಲೆ ತಟ್ಟೋದು. ಕಬ್ಬಿಣಕ್ಕೆ ನೀರು ತೋರ್ಸಿದ್ರೆ ಗಟ್ಟಿ ಆಗುತ್ತೆ, ಇದಕ್ಕೆ ತೋರ್ಸಿದ್ರೆ ಹದ ಬರುತ್ತೆ. ವೂಹಾನ್ ಜಾಗಟೆಗೆ ಹೆಸರುವಾಸಿ ಊರು, ಡ್ರಮ್ ಸೆಟ್ ನುಡ್ಸೋ ನನ್ ತಮ್ಮ ವೂಹಾನ್ ಅಂದ್ರೆ ಸಿಂಬಲ್ ಅಂತಾನೇ ತಿಳ್ಕೊಂಡಿದ್ದ, ಕೊರೊನಾ ಬರೋ ತನಕ.

ಧಾರವಾಡ_ಫೇಡೆ

ಭಾಳ ಛಲೋ ಚರ್ಚಾ ನಡದೈತ್ರಿ. ನನಗ ಕೇಳೂದು ತಂತಿ ಬಗ್ಗೆ. ನಾ ಹಿಂದೂಸ್ತಾನಿ ಕೇಳಾಂವ. ಒಂದು ವಿಡಿಯೋದಾಗ ಹೆಣ್ಮಗಳು ಹಾಡಾಕತ್ತಿದ್ಲು, ಹಿಂದ ಒಂದು ಪಿಟೀಲಿನಂಥಾದ್ದು ಕೀಂ ಕೀಂ ಅಂತ ಆಕೀ ಬೆನ್ನ ಹತ್ತಿತ್ತು. ನಮ್ಮ ಸಾರಂಗಿ ಹಂಗ ಅದ, ಆದ್ರ ಸಾರಂಗಿಗೆ ಮೆಣಸಿನಕಾಯಿ ತಿನ್ಸಿದಂಗ. ಏನದು?

ಮಂದಾರ_ಎಂ

ಮೆಣಸಿನಕಾಯಿ ತಿಂದ ಸಾರಂಗಿ, ಇದನ್ನ ನನ್ ಟೀಚರ್‌ಗೆ ಅನುವಾದ ಮಾಡಿ ಕಳಿಸ್ತೀನಿ ಸರ್. ಅದು ಜಿಂಗ್‌ಹು. ಎರಡೇ ತಂತಿ, ಬಿದಿರಿನ ಕೊಳವೆಗೆ ಹಾವಿನ ಚರ್ಮ, ಬಿಲ್ಲಿನ ಕೂದಲು ಎರಡು ತಂತಿಗಳ ಮಧ್ಯದಲ್ಲೇ ಸಿಕ್ಕಾಕ್ಕೊಂಡಿರುತ್ತೆ, ಹೊರಗೆ ತೆಗೆಯೋಕಾಗಲ್ಲ. ಮೊದ್ಲು ರೇಷ್ಮೆ ತಂತಿ ಇತ್ತು, ಈಗ ಸ್ಟೀಲು. ಹಾಡೋರ ಜೊತೆನೇ ಹೋಗುತ್ತೆ, ಅವ್ರು ಉಸಿರು ತಗೊಳ್ಳೋ ಸಂದಿಯಲ್ಲಿ ತಾನು ತುಂಬುತ್ತೆ. ಆಪೆರಾದ ಎರಡು ಮುಖ್ಯ ಧಾಟಿ ಶೀಪೀ ಮತ್ತು ಅರ್‌ಹ್ವಾಂಗ್, ಧಾಟಿ ಬದಲಾದ್ರೆ ಜಿಂಗ್‌ಹು ಶ್ರುತಿನೂ ಬದಲಾಗುತ್ತೆ. ನಮ್ಮ ಲೆಕ್ಕದಲ್ಲಿ ಶೀಪೀಗೆ ತಂತಿಗಳು ಧ ಮತ್ತು ಗ, ಅರ್‌ಹ್ವಾಂಗ್‌ಗೆ ಪ ಮತ್ತು ರಿ. ಶೀಪೀ ಚುರುಕು, ಅರ್‌ಹ್ವಾಂಗ್ ಗಂಭೀರ, ದುಃಖ ಚಿಂತೆ ಇದ್ರೆ ಹೆಚ್ಚಾಗಿ ಅದೇ.

ಜಿಂಗ್‌ಹು ಕೆಳಗೆ ಇನ್ನೊಂದು ಸ್ವಲ್ಪ ಮೆತ್ತನೆ ದನಿ ಕೇಳ್ಸುತ್ತಲ್ಲ, ಅದು ಜಿಂಗ್ ಅರ್‌ಹು. ಅದನ್ನ ಸೇರ್ಸಿದ್ದು 1920ರ ದಶಕದಲ್ಲಿ, ಮೆಯ್ ಲಾನ್‌ಫಾಂಗ್ ಅನ್ನೋ ದೊಡ್ಡ ನಟರು ಮತ್ತವ್ರ ವಾದಕರು, ಹೆಣ್ಣು ವೇಷದ ಹಾಡಿಗೆ ಅಂತ. ಮೂರನೇದು ಯುಎಛಿನ್, ಚಂದ್ರನ ಥರ ದುಂಡಗಿನ ಮೀಟೋ ವಾದ್ಯ. ಈ ಮೂರು ತಂತಿಯವ್ರ ತ್ರಿಮೂರ್ತಿ.

ಧಾರವಾಡ_ಫೇಡೆ

ಮತ್ತ ತಾಳ? ನಮ್ಮಂಗ ಆವರ್ತನ ಅದಾವೇನು?

ಮಂದಾರ_ಎಂ

ಇವೆ ಮತ್ತೆ ಇಲ್ಲ. ಚಿಟಿಕೆ ಬೀಳೋ ಗಟ್ಟಿ ಪೆಟ್ಟು ಬಾನ್, ಕಡ್ಡಿಯಲ್ಲಿ ಹೊಡಿಯೋ ಮೆತ್ತನೆ ಪೆಟ್ಟು ಯೆನ್ ಅಂದ್ರೆ ಕಣ್ಣು. ಮಾನ್‌ಬಾನ್ ಅಂತ ವಿಳಂಬ, ಅದ್ರಲ್ಲಿ ಒಂದು ಬಾನ್ ಮೂರು ಕಣ್ಣು. ಯುಆನ್‌ಬಾನ್ ಮಧ್ಯಮ, ಒಂದು ಬಾನ್ ಒಂದು ಕಣ್ಣು. ಲಿಯುಶ್ವೇ ಅಂದ್ರೆ ಹರಿಯೋ ನೀರು, ಕಣ್ಣೇ ಇಲ್ಲ, ಬರೀ ಬಾನ್ ಬಾನ್ ಬಾನ್. ಅಂದ್ರೆ ನಮ್ಮಂಗೆ ಹದಿನಾರು ಮಾತ್ರೆ ಸುತ್ತಿ ಸಮಕ್ಕೆ ಬರೋ ಲೆಕ್ಕಾಚಾರ ಇಲ್ಲಿಲ್ಲ.

ನಂಗೆ ಎಲ್ಲಕ್ಕಿಂತ ಇಷ್ಟ ಯಾವ್‌ಬಾನ್. ಅಲ್ಲಿಯವ್ರ ಮಾತಲ್ಲೇ ಹೇಳ್ಬೇಕಂದ್ರೆ ಬಿಗಿಯಾಗಿ ನುಡ್ಸು ನಿಧಾನ ಹಾಡು. ಚಿಟಿಕೆ ಟಕ ಟಕ ಟಕ ಅಂತ ಓಡ್ತಾ ಇರುತ್ತೆ, ಜಿಂಗ್‌ಹು ಅದ್ರ ಜೊತೆ ಓಡುತ್ತೆ, ಹಾಡೋರು ಮಾತ್ರ ಆ ಓಟಕ್ಕೂ ನಂಗೂ ಸಂಬಂಧವೇ ಇಲ್ಲ ಅನ್ನಂಗೆ ಒಂದೊಂದು ಅಕ್ಷರ ಎಳ್ಕೊಂಡು ಹಾಡ್ತಾರೆ. ಹೊರಗೆ ಸಮಾಧಾನ, ಒಳಗೆ ಎದೆ ಹೊಡ್ಕೊಳ್ತಿದೆ ಅನ್ನೋ ಸಂದರ್ಭಕ್ಕೆ ಇದು ಎಷ್ಟು ಹೊಂದುತ್ತೆ ಅಂದ್ರೆ, ಮೊದಲ ಸಲ ಅರ್ಥ ಆದಾಗ ನಾನು ಪಾರ್ಕಲ್ಲೇ ಕಣ್ಣೀರ್ ಹಾಕಿದ್ದೆ.

ಧಾರವಾಡ_ಫೇಡೆ

ತಬಲಾ ಓಡತೈತಿ, ಗಾಯಕಿ ನಿಂತಾಳ. ಯವ್ವಾ ಯವ್ವಾ. ಇವತ್ತ ರಾತ್ರಿ ಹುಡುಕಿ ಕೇಳತೀನಿ.

ಚಂಡೆಮನೆ

ನಾನು ಆಗಿಂದ ಹೇಳ್ತಾ ಇದ್ದೇನೆ, ಇದು ನಮ್ದೇ ಪದ್ಧತಿ. ಡ್ರಮ್ಮಿನ ಯಜಮಾನ್ರು ಅಂದ್ರೆ ಅಲ್ಲಿಯ ಭಾಗವತರು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಭಾಗವತರ ಕೈಲೂ ಜಾಗಟೆ ಇರ್ತದೆ. ಎಲ್ಲಿಂದ ಎಲ್ಲಿಗೆ ಹೋಯ್ತೋ ಯಾರಿಗೆ ಗೊತ್ತು.

ಮಂದಾರ_ಎಂ

ಇಲ್ಲ ಸರ್, ಇಲ್ಲಿ ನಾನು ಒಪ್ಪಲ್ಲ. ಎಲ್ಲಿಂದ ಎಲ್ಲಿಗೂ ಹೋಗಿಲ್ಲ. 1790ರಲ್ಲಿ ಛಿಯೆನ್‌ಲುಂಗ್ ಚಕ್ರವರ್ತಿಯ 80ನೇ ಹುಟ್ಟುಹಬ್ಬಕ್ಕೆ ಆನ್‌ಹ್ವೇ ಪ್ರಾಂತ್ಯದ ಮೇಳಗಳು ಬೀಜಿಂಗಿಗೆ ಬಂದ್ವು, ಅರ್‌ಹ್ವಾಂಗ್ ಅವ್ರ ಜೊತೆ ಬಂತು. ಆಮೇಲೆ ಹುಬೇಯ್ ಕಡೆಯ ಕಲಾವಿದ್ರು ಶೀಪೀ ತಂದ್ರು. ಎರಡೂ ಬೆರೆತು 19ನೇ ಶತಮಾನದ ನಡುಭಾಗಕ್ಕೆ ನಾವು ಈಗ ಪೀಕಿಂಗ್ ಆಪೆರಾ ಅನ್ನೋದು ತಯಾರಾಯ್ತು. ವಂಶಾವಳಿ ಪೂರ್ತಿ ಅವ್ರದ್ದೇ.

ಇನ್ನು ಭಾಗವತರ ವಿಷ್ಯ. ಯಕ್ಷಗಾನದಲ್ಲಿ ಹಾಡೋದು ಭಾಗವತರು, ವೇಷಧಾರಿ ಆ ಪದ್ಯಕ್ಕೆ ಕುಣಿದು ಆಮೇಲೆ ಅರ್ಥ ಹೇಳ್ತಾರೆ, ಆಟದ ಲಗಾಮು ಭಾಗವತರ ಕೈಲಿ. ಆಪೆರಾದಲ್ಲಿ ಹಾಡೋದು ನಟ, ಡ್ರಮ್ಮಿನ ಯಜಮಾನ್ರು ಒಂದು ಅಕ್ಷರ ಹಾಡಲ್ಲ. ಲಗಾಮು ಅವ್ರ ಕೈಲಿದ್ದಂಗೆ ಕಾಣುತ್ತೆ, ಆದ್ರೆ ಅವ್ರ ಕಣ್ಣು ಪೂರ್ತಿ ಹೊತ್ತು ನಟನ ಮೇಲೆ. ನಟ ಮಾತಾಡ್ತಾ ಆಡ್ತಾ ಕೊನೇ ಪದವನ್ನ ಸ್ವಲ್ಪ ಎಳೀತಾನೆ, ಅಥ್ವಾ ತೋಳಿನ ಉದ್ದ ಬಟ್ಟೆ ಒಂದ್ಸಲ ಝಾಡಿಸ್ತಾನೆ, ಕಾಲು ತಟ್ತಾನೆ. ಅಷ್ಟೇ. ಅದಕ್ಕೆ ಜಿಯಾವ್‌ಬಾನ್ ಅಂತಾರೆ, ಬಾನನ್ನ ಕರೆಯೋದು. ನಾನೀಗ ಹಾಡ್ತೀನಿ, ಇಂಥಾ ವೇಗದಲ್ಲಿ ಹಾಡ್ತೀನಿ ಅನ್ನೋದು ಅದ್ರಲ್ಲೇ ಬಂತು. ಯಜಮಾನ್ರು ಕಡ್ಡಿ ಎತ್ತಿ ಸನ್ನೆ ಮಾಡಿ ಉಳಿದ ಮೂವರಿಗೆ ದಾಟಿಸ್ತಾರೆ, ಸುಮಾರು ಅರ್ಧ ಸೆಕೆಂಡಲ್ಲಿ ನಾಲ್ಕೂ ಜನ ಒಟ್ಟಿಗೆ ಬಿದ್ದಿರ್ತಾರೆ. ಆಜ್ಞೆ ಕೊಡೋನು ನಟ, ಆಳೋನು ಡ್ರಮ್ಮು, ಇಬ್ರೂ ಒಬ್ರನ್ನೊಬ್ರು ಕಾಯ್ತಿರ್ತಾರೆ.

ಚಂಡೆಮನೆ

ಹ್ಞಾ, ಇದು ವ್ಯತ್ಯಾಸ ಹೌದು, ಒಪ್ಪಿದೆ. ನಮ್ಮಲ್ಲಿ ವೇಷದವ ಬಿಡ್ತಿಗೆ (ಕುಣಿತ ಮುಗ್ಸುವ ಪೆಟ್ಟು) ಬೇಕಾದ್ರೆ ಕಣ್ಣಲ್ಲಿ ಹೇಳ್ತಾನೆ ಅದು ಬೇರೆ, ಆದ್ರೆ ಭಾಗವತರನ್ನ ಮೀರಿ ಹೋದ್ರೆ ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) ಪೂಜೆ ಆಗ್ತದೆ. ಎಲ್ಲಿಂದ ಎಲ್ಲಿಗೆ ಅನ್ನೋ ಮಾತು ವಾಪಸ್ ತಗೊಂಡೆ. ಸರಿ, ಬಾಯಿತಾಳದ ಬಗ್ಗೆ ಹೇಳಿ ಅಕ್ಕ, ಅದು ನನ್ನ ಏರಿಯಾ.

ಮಂದಾರ_ಎಂ

ಲುವೊಗುಜಿಂಗ್ ಅಂತ ಅದಕ್ಕೆ. ಜಿಂಗ್ ಅಂದ್ರೆ ಗ್ರಂಥ, ಬೌದ್ಧ ಸೂತ್ರಗಳಿಗೆ ಬಳಸೋ ಅದೇ ಪದ. ಅಂದ್ರೆ ಜಾಗಟೆ ಡ್ರಮ್ಮುಗಳ ಸೂತ್ರ. ಮಜಾ ಏನಂದ್ರೆ ಒಂದೊಂದು ಅಕ್ಷರ ಒಂದೊಂದು ವಾದ್ಯ ಅಲ್ಲ, ನಾಲ್ಕೂ ಸೇರಿ ಏನು ಕೇಳ್ಸುತ್ತೋ ಅದಕ್ಕೆ ಒಂದು ಅಕ್ಷರ. ತ್ಸಾಂಗ್ ಅಂದ್ರೆ ದೊಡ್ಡ ಜಾಗಟೆ, ಸಾಮಾನ್ಯವಾಗಿ ಉಳಿದವೂ ಜೊತೆಗಿರುತ್ವೆ. ತ್ಸಾಯ್, ಚೀ ಅಂದ್ರೆ ತಾಳ ಮುಂದೆ. ಥಾಯ್ ಅಂದ್ರೆ ಸಣ್ಣ ಜಾಗಟೆ, ಅದನ್ನೇ ಮೆತ್ತಗೆ ಹೊಡೆದ್ರೆ ಲಿಂಗ್. ದಾ ಅಂದ್ರೆ ಡ್ರಮ್ಮಿಗೆ ಒಂದು ಕಡ್ಡಿ, ಬಾ ಅಂದ್ರೆ ಎರಡೂ ಕಡ್ಡಿ ಒಟ್ಟಿಗೆ. ಝಾ ಅಂದ್ರೆ ಚಿಟಿಕೆ. ಹಂಗಾಗಿ ಒಬ್ಬ ಮನುಷ್ಯ ಇಡೀ ಮೇಳವನ್ನ ಬಾಯಲ್ಲಿ ಹೇಳ್ಬೋದು, ನಟರೂ ಹಾಗೇ ಕಲಿಯೋದು, ವಾದ್ಯ ಇಲ್ದೆ ಗುರುಗಳು ಬಾಯಲ್ಲಿ ತ್ಸಾಂಗ್ ಅಂತಿದ್ರೆ ಮಕ್ಕಳು ಹೆಜ್ಜೆ ಹಾಕ್ತಿರ್ತಾರೆ.

ನಿಮ್ಮ ಅಜ್ಜ ಹೇಳ್ತಿದ್ದ ತ್ಸಾಂಗ್ ಚೀ ಥಾಯ್ ಚೀ ಇದ್ಯಲ್ಲ ಬಸವ ಅವ್ರೇ, ಅದು ಛಾಂಗ್‌ಛ್ವೇ ಅನ್ನೋ ನಡೆ, ಉದ್ದ ಸುತ್ತಿಗೆ ಅಂತ ಅರ್ಥ. ಯಾರೋ ಗತ್ತಿಂದ ನಡ್ಕೊಂಡ್ ಬಂದು ಹಾಡೋಕೆ ತಯಾರಾಗ್ತಿದ್ರು ಅನ್ಸುತ್ತೆ.

ಈ ನಡೆಗಳ ಹೆಸ್ರೇ ಒಂದು ಕಾವ್ಯ. ಅವಸರದ ಗಾಳಿ ಅಂತ ಒಂದು, ಜಿಜಿಫೆಂಗ್, ದೊಡ್ಡ ಜಾಗಟೆ ಹೆಚ್ಚು ಹೆಚ್ಚು ವೇಗವಾಗಿ ಬೀಳ್ತಾ ಹೋಗುತ್ತೆ, ಸೈನ್ಯ ನುಗ್ಗೋಕೆ, ಕಾದಾಟಕ್ಕೆ. ನೀರಡಿ ಮೀನು ಅಂತ ಒಂದು, ಸರಸರ ದಾರಿ ನಡಿಯೋಕೆ. ಫೀನಿಕ್ಸ್ ತಲೆ ಆಡಿಸ್ತು ಅಂತ ಒಂದು, ತಿರುಚಿದ ರೇಷ್ಮೆ ಅಂತ ಇನ್ನೊಂದು, ಇವೆರಡೂ ಹಾಡಿಗೆ ಮುಂಚೆ ಬರೋವು. ಹುಚ್ಚು ಸುತ್ತಿಗೆ ಅಂತ ಬೇಕಾದ್ರೆ ಕನ್ನಡ ಮಾಡ್ಬೋದು, ಲ್ವಾನ್‌ಛ್ವೇ, ದಿಕ್ಕು ತೋಚದೆ ಮನಸ್ಸು ಕೆಟ್ಟು ಹೋದಾಗ. ತಣ್ಣನೆ ಸುತ್ತಿಗೆ ಅಂತ ಒಂದಿದೆ, ಎಲ್ಲಾ ನಿಶ್ಶಬ್ದ ಇರೋವಾಗ ಎಲ್ಲಿಂದಲೋ ಒಂದೇ ಒಂದು ತ್ಸಾಂಗ್. ಪಾತ್ರಕ್ಕೆ ಥಟ್ ಅಂತ ಏನೋ ಹೊಳೀತು, ಇಲ್ಲಾ ಎದೆ ಧಸಕ್ಕಂತು. ಗಡ್ಡ ಸವರ್ಕೊಂಡ್ರೂ ಢಣ್ ಅಂದ್ರಲ್ಲ, ಆ ಢಣ್‌ಗೂ ಅಲ್ಲೊಂದು ಕಾರಣ ಇದ್ದಿರುತ್ತೆ.

ಮತ್ತೆ ಸೀಜಿಥೌ, ನಾಲ್ಕು ಪೆಟ್ಟು. ಯೋಧ ಬಂದು ಒಂದೊಂದು ಪೆಟ್ಟಿಗೆ ಒಂದೊಂದು ಚಲನೆ ಮಾಡಿ ನಾಲ್ಕನೇದಕ್ಕೆ ಕಲ್ಲಾಗಿ ನಿಲ್ತಾನಲ್ಲ, ಆ ಕೊನೆ ಪೆಟ್ಟು ಕೂದಲೆಳೆ ಹಿಂದೆ ಮುಂದೆ ಆದ್ರೆ ಅವ್ನು ಕಲ್ಲಲ್ಲ, ಬಸ್‌ಸ್ಟಾಪಲ್ಲಿ ನಿಂತವ್ನು ಅಷ್ಟೇ.

ನೇರ_ಮಾತು

ಎಲ್ಲಾ ಓದ್ದೆ. ಚೆನ್ನಾಗ್ ಬರೆದಿದ್ದೀರ, ಆದ್ರೆ ಒಂದು ಮಾತು. ಇಷ್ಟೆಲ್ಲಾ ಅರ್ಥ ಇದೆ ಅಂದ್ರೂ ಕಿವಿ ಹರಿದು ಹೋಗೋದು ಹೋಗುತ್ತೆ ತಾನೇ? ಪಾಠ ಓದ್ಕೊಂಡು ಹೋದ್ರೆ ಮಾತ್ರ ಸಹಿಸ್ಕೊಳ್ಳೋ ಸಂಗೀತ ಎಂಥಾ ಸಂಗೀತ? ಒಳಾಂಗಣ ಥಿಯೇಟರಲ್ಲಿ ಸೌಂಡ್ ಕಮ್ಮಿ ಮಾಡಿದ್ರೆ ಯಾರ ಗಂಟು ಹೋಗುತ್ತೆ?

ಸಿಂಗಪುರ_ಸರೋಜ

ಇದಕ್ಕೆ ನಾನ್ ಉತ್ರ ಕೊಡ್ತೀನಿ, ಯಾಕಂದ್ರೆ ನನ್ ಬಾಲ್ಕನಿ ಕೆಳಗೇ ಪ್ರತಿ ವರ್ಷ ನಡಿಯುತ್ತೆ. ಇಲ್ಲಿ ಚೈನೀಸ್ ಕ್ಯಾಲೆಂಡರ್ ಏಳನೇ ತಿಂಗಳು ಪ್ರೇತಗಳ ತಿಂಗಳು, ನಮ್ಮ ಪಿತೃಪಕ್ಷದ ಥರ ಅಂದ್ಕೊಳ್ಳಿ, ಬಯಲಲ್ಲಿ ಸ್ಟೇಜ್ ಕಟ್ಟಿ ಆಪೆರಾ ಹಾಕಿಸ್ತಾರೆ. ಇಲ್ಲಿಯವ್ರು ವಯಾಂಗ್ ಅಂತಾರೆ. ಮುಂದಿನ ಸಾಲು ಖಾಲಿ ಬಿಡ್ತಾರೆ, ಅದು ಸತ್ತವರಿಗೆ. ಮೊದಲ ವರ್ಷ ಗೊತ್ತಿಲ್ದೆ ನನ್ ಅತ್ತೆ ಹೋಗಿ ಅಲ್ಲೇ ಕೂತ್ಬಿಟ್ರು, ಆಮೇಲ್ ಗೊತ್ತಾದಾಗ ಮನೆಗ್ ಬಂದು ತಲೆಸ್ನಾನ, ಎರಡು ದಿನ ನನ್ ಜೊತೆ ಮಾತಿಲ್ಲ.

ಇಲ್ಲಿ ಬರೋದು ಹೆಚ್ಚಾಗಿ ದಕ್ಷಿಣ ಚೀನಾ ಮೂಲದ ತಿಯೋಚ್ಯೂ ಅಥ್ವಾ ಹೊಕ್ಕಿಯನ್ ಜನರ ಮೇಳ, ಪೀಕಿಂಗಿನದ್ದಲ್ಲ, ವಾದ್ಯಗಳೂ ಬೇರೆ. ತಿಯೋಚ್ಯೂನವ್ರದ್ದು ಒಂದು ದೊಡ್ಡ ಆಳದ ದನಿಯ ಜಾಗಟೆ ಇದೆ, ಅದ್ರ ಚೈನೀಸ್ ಹೆಸ್ರಿನ ಅರ್ಥ ಆಳದ ಅಲೆ ಅಂತೆ, ಹೊಡೆದ್ರೆ ಹೊಟ್ಟೆ ಒಳಗೆ ಕೇಳ್ಸುತ್ತೆ. ನಾನ್ ಹೇಳೋಕ್ ಹೊರಟಿದ್ದು ಇಷ್ಟೇ, ಬಯಲಲ್ಲಿ ಒಂದ್ ಕಡೆ ಬಸ್ಸು, ಇನ್ನೊಂದ್ ಕಡೆ ಮಾರ್ಕೆಟ್ಟು, ಮಕ್ಳ ಗಲಾಟೆ, ಅದ್ರ ಮಧ್ಯೆ ಆ ಜಾಗಟೆ ಜಾಸ್ತಿ ಅನ್ಸೋದೇ ಇಲ್ಲ. ಒಳಗೆ ಎಸಿ ಹಾಕಿ ಬಾಗ್ಲು ಮುಚ್ಚಿ ಕೂರ್ಸಿದಾಗ ಅದು ಜಾಸ್ತಿ.

ಮಂದಾರ_ಎಂ

ಸರೋಜಕ್ಕ ಹೇಳಿದ್ದೇ ಸರಿ. ದೇವಸ್ಥಾನದ ಮುಂದೆ, ಸಂತೆ ಬಯಲಲ್ಲಿ ಆಡ್ತಿದ್ದ ಆಟ ಅದು, ಶುರು ಆಗೋಕೆ ಮುಂಚೆ ಬರೀ ಜಾಗಟೆ ಡ್ರಮ್ಮು ಬಾರಿಸಿ ಜನ ಸೇರ್ಸೋದೂ ಇತ್ತು. ಬೀಜಿಂಗಿನ ಹಳೇ ಥಿಯೇಟರ್‌ಗಳು ಟೀ ಅಂಗಡಿ ಇದ್ದಂಗೆ, ಜನ ಕಲ್ಲಂಗಡಿ ಬೀಜ ಕಡೀತಾ, ಹರಟ್ತಾ, ಬಿಸಿ ಟವಲ್ ಕೊಡೋನು ಅದನ್ನ ಜನರ ತಲೆ ಮೇಲಿಂದ ಎಸೀತಾ ಇರೋವಾಗ ಹೇ ಈ ಕಡೆ ನೋಡ್ರಪ್ಪ ಅನ್ನೋಕೆ ಇನ್ನೇನಿತ್ತು.

ನೇರ_ಮಾತು ಅವ್ರೇ, ಸದ್ದು ನಂಗೂ ಕೆಲವು ಸಲ ಜಾಸ್ತಿ ಅನ್ಸುತ್ತೆ, ಸುಳ್ಳು ಹೇಳಲ್ಲ. ಅದಕ್ಕೇ ಮೆತ್ತಗಿನದ್ದು ಬೇಕಾದವ್ರಿಗೆ ಕುಂಛು ಅನ್ನೋ ಇನ್ನೊಂದು ಆಪೆರಾ ಇದೆ, ಅದು ಇದಕ್ಕಿಂತ ಹಳೇದು, ಕೊಳಲೇ ಪ್ರಧಾನ. ಆದ್ರೆ ಪೀಕಿಂಗ್ ಆಪೆರಾದಲ್ಲಿ ಜಾಗಟೆ ಕಮ್ಮಿ ಮಾಡಿದ್ರೆ ಏನ್ ಹೋಗುತ್ತೆ ಅಂದ್ರೆ, ಸೆಟ್ಟಿಂಗ್ ಹೋಗುತ್ತೆ. ಅಲ್ಲಿ ಮನೆ ಇಲ್ಲ, ಬಾಗ್ಲಿಲ್ಲ, ಕುದುರೆ ಇಲ್ಲ, ಒಂದು ಮೇಜು ಎರಡು ಕುರ್ಚಿ. ಕುದುರೆ ಅಂದ್ರೆ ಕೈಲಿರೋ ಚಾಟಿ. ಉಳಿದಿದ್ದೆಲ್ಲಾ ಕಟ್ಟೋದು ಮೈ ಮತ್ತು ಜಾಗಟೆ. 1960ರ ದಶಕದಲ್ಲಿ ಕ್ರಾಂತಿಕಾರಿ ಮಾದರಿ ಆಪೆರಾ ಅಂತ ಮಾಡ್ದಾಗ ಪಾಶ್ಚಾತ್ಯ ಆರ್ಕೆಸ್ಟ್ರಾನೇ ತಂದು ಕೂರ್ಸಿದ್ರು, ಪಿಟೀಲು ತುತ್ತೂರಿ ಎಲ್ಲಾ, ಉದ್ದ ಗಡ್ಡ, ತೋಳಿನ ಬಟ್ಟೆ, ರಾಜ ರಾಣಿ ಎಲ್ಲಾ ಕಿತ್ತಾಕಿದ್ರು. ಜಾಗಟೆ ಡ್ರಮ್ಮು ಕಿತ್ತಾಕೋಕೆ ಆಗ್ಲಿಲ್ಲ. ಅದು ತೆಗೆದ್ರೆ ನಟನಿಗೆ ನಡಿಯೋಕೇ ಬರಲ್ಲ.

ನೇರ_ಮಾತು

ಸೆಟ್ಟಿಂಗ್ ಹೋಗುತ್ತೆ ಅನ್ನೋದು ಒಳ್ಳೇ ಪಾಯಿಂಟು. ಆದ್ರೂ ಹತ್ತಿ ತಗೊಂಡೇ ಹೋಗ್ತೀನಿ.

ಕಂಚು_ಕಬ್ಬಿಣ

ಚೀನಾದವ್ರು ತೆಗೆದ ಮೊದಲ ಸಿನಿಮಾ 1905ರಲ್ಲಿ, ಅದೂ ಪೀಕಿಂಗ್ ಆಪೆರಾನೇ ಅಂತ ಎಲ್ಲೋ ಓದಿದ್ದೆ. ತಾನ್ ಶಿನ್‌ಪೇಯ್ ಅನ್ನೋ ದೊಡ್ಡ ನಟ ಕ್ಯಾಮೆರಾ ಮುಂದೆ ಮಾಡಿದ್ದು. ಮೂಕಿ ಸಿನಿಮಾ! ನೇರ_ಮಾತು ಅವ್ರಿಗೆ ಹೇಳಿ ಮಾಡ್ಸಿದಂಗಿದೆ.

ಮಂದಾರ_ಎಂ

ಹೌದು, ದಿಂಗ್‌ಜುನ್‌ಶಾನ್, ಅದ್ರ ಪ್ರಿಂಟ್ ಈಗ ಉಳ್ದಿಲ್ಲ. ಜಿಂಗ್‌ಹು ಇಲ್ಲ, ಜಾಗಟೆ ಇಲ್ಲ, ದನಿ ಇಲ್ಲ. ಕಣ್ ಮುಚ್ಕೊಂಡು ಕೇಳೋ ರಸಿಕರ ಪಾಡು ಯೋಚ್ನೆ ಮಾಡಿ.

ಬೀಜಿಂಗ್_ಬಸವ

ಎಲ್ರಿಗೂ ಅಪ್‌ಡೇಟ್. ಹತ್ತು ದಿನ ಆದ್ಮೇಲೆ ಬರೀತಿದ್ದೀನಿ, ಮತ್ತೆ ಹೋಗಿದ್ದೆ. ಈ ಸಲ ಒಬ್ನೇ, ಸೈಡ್ ಸೀಟ್ ಬೇಕು ಅಂತ ಕೇಳಿ ತಗೊಂಡೆ, ಪಕ್ಕದ ಪರದೆ ಸಂದಿಯಲ್ಲಿ ವಾದ್ಯದವ್ರು ಅರ್ಧಂಬರ್ಧ ಕಾಣ್ತಿದ್ರು.

ಸಾನ್‌ಛಾಕೌ ಅನ್ನೋ ಪ್ರಸಂಗ ಇತ್ತು, ಮೂರು ದಾರಿ ಸೇರೋ ಜಾಗದ ಛತ್ರ. ಕತ್ತಲೆ ಕೋಣೇಲಿ ಇಬ್ರು ಒಬ್ರನ್ನೊಬ್ರು ಶತ್ರು ಅಂದ್ಕೊಂಡು ಹುಡುಕ್ತಾ ಹೊಡೆದಾಡ್ತಾರೆ. ಸ್ಟೇಜ್ ಮೇಲೆ ಫುಲ್ ಲೈಟು, ಆದ್ರೆ ಅವ್ರಿಗೆ ಏನೂ ಕಾಣಲ್ಲ. ಕತ್ತಿ ಮೂಗಿನ ಮುಂದೆ ಹಾದ್ ಹೋಗುತ್ತೆ, ಗೊತ್ತಾಗಲ್ಲ. ಮಾತೇ ಇಲ್ಲ. ಅದಕ್ಕೆ ನಾನು ಜಾಸ್ತಿ ಹೊತ್ತು ಡ್ರಮ್ಮಿನ ಯಜಮಾನ್ರನ್ನೇ ನೋಡ್ತಾ ಕೂತೆ. ಮನುಷ್ಯ ಆರಾಮಾಗಿ ಕೂತಿದ್ರು, ತಲೆ ಅಲ್ಲಾಡಿಸಲ್ಲ ಏನಿಲ್ಲ, ಕಣ್ ಮಾತ್ರ ಸ್ಟೇಜ್ ಬಿಟ್ಟು ಕದಲ್ತಿಲ್ಲ. ಕಡ್ಡಿ ಒಂಚೂರು ಎತ್ತಿದ್ರು ಅಂದ್ರೆ ಆ ಕಡೆ ಸಣ್ಣ ಜಾಗಟೆ ಥಾಯ್ ಅಂತ ಎದ್ದು ಬರುತ್ತೆ, ಅದೇ ಕ್ಷಣಕ್ಕೆ ಹ್ಯಾಟ್ ಹಾಕಿರೋ ಹಾಸ್ಯಗಾರನ ಕಾಲು ನೆಲಕ್ಕೆ ತಾಗುತ್ತೆ. ಏರೋ ಸ್ವರ! ನಂಗೆ ಕೇಳಿಸ್ತು! ಮೂರು ತಿಂಗ್ಳಿಂದ ಇಲ್ಲಿದ್ದೀನಿ, ಚೈನೀಸಲ್ಲಿ ನೂಡಲ್ಸ್ ಆರ್ಡರ್ ಮಾಡೋಕ್ ಬರಲ್ಲ, ಇದು ಅರ್ಥ ಆಯ್ತು.

ಮತ್ತೆ ಒಂದ್ ಕಡೆ ಇಬ್ರೂ ಬೆನ್ನಿಗೆ ಬೆನ್ನು ತಾಗಿಸ್ಕೊಂಡು ನಿಂತ್ರು, ಗೊತ್ತಾಗದೆ. ಪೂರ್ತಿ ನಿಶ್ಶಬ್ದ. ನನ್ ಪಕ್ಕದ ಹುಡ್ಗಿ ಪಾಪ್‌ಕಾರ್ನ್ ತಿನ್ನೋದು ನಿಲ್ಸಿದ್ಲು. ಆಮೇಲೆ ಒಂದೇ ತ್ಸಾಂಗ್. ನಾನ್ ಸೀಟಿಂದ ಎಗರಿ ಬಿದ್ದೆ. ಮಂದಾರ ಮೇಡಂ, ಅದೇನಾ ತಣ್ಣನೆ ಸುತ್ತಿಗೆ?

ತಲೆನೋವು ಬಂತಾ ಅಂದ್ರೆ, ಬಂತು. ಕಡ್ಮೆ.

ಚಂಡೆಮನೆ

ವಿಡಿಯೋ ಹಾಕಿ ಮಾರಾಯ್ರೆ!

ಬೀಜಿಂಗ್_ಬಸವ

ಶೋ ನಡೀವಾಗ ಫೋನ್ ಎತ್ತಿದ್ರೆ ಅಲ್ಲಿರೋ ಸ್ಟಾಫು ದೂರದಿಂದ ಕೆಂಪು ಲೇಸರ್ ಬಿಡ್ತಾರೆ ಸರ್ ಸ್ಕ್ರೀನ್ ಮೇಲೆ, ಮಾನ ಹೋಗುತ್ತೆ. ಬದ್ಲಿಗೆ ಮೆಟ್ರೋದಲ್ಲಿ ಬರ್ತಾ ತ್ಸಾಂಗ್ ಚೀ ಥಾಯ್ ಚೀ ಪ್ರಾಕ್ಟೀಸ್ ಮಾಡ್ತಿದ್ದೀನಿ, ಎದುರು ಕೂತೋರು ನೋಡಿ ನಗ್ತಾರೆ. ಒಂದ್ ಡೌಟು ಮೇಡಂ. ನೆಟ್ಟಲ್ಲಿ ಒಂದು ನಡೆ ಬರೆದಿದ್ದು ಸಿಕ್ತು, ಅದ್ರಲ್ಲಿ ಮಧ್ಯೆ ಮಧ್ಯೆ ಯೀ ಅಂತ ಒಂದು ಅಕ್ಷರ ಬರುತ್ತೆ. ಅದು ಯಾವ ವಾದ್ಯ? ಎಷ್ಟ್ ಸಲ ಕೇಳಿದ್ರೂ ಸಿಗ್ತಿಲ್ಲ.

ಮಂದಾರ_ಎಂ

ಯಾವ ವಾದ್ಯನೂ ಅಲ್ಲ, ಅದಕ್ಕೇ ಸಿಗ್ತಿಲ್ಲ. ಅಲ್ಲಿ ಯಾರೂ ಹೊಡಿಯಲ್ಲ. ಬಾಯಲ್ಲಿ ಮಾತ್ರ ಯೀ ಅನ್ಬೇಕು, ಕೈ ಎತ್ಬಾರ್ದು. ನಂಗೆ ಕಲಿಸಿದ ಅಜ್ಜಿ ಅದನ್ನ ತಪ್ಪಿಸಿದ್ರೆ ಮಾತ್ರ ಬೈತಿದ್ರು, ಉಳಿದಿದ್ದು ಹೇಗೆ ಹೊಡೆದ್ರೂ ನಗ್ತಿದ್ರು.